ಹಾಸಿನ ಓಣಿಗೆ ಬಂದ ಕಟ್ಟೆಯ ಅರ್ಜಿ

ನೆರೆಮನೆಯವರು ಗೋಡೆ ಎತ್ತುತ್ತಾರೆಂದರೆ ಮೊದಲು ಏಳುವುದು ಗೋಡೆಯಲ್ಲ, ತಕರಾರು. ಊರ ಕಮಿಟಿಗೆ ಬರುವ ಇಂಥ ತಕರಾರುಗಳನ್ನು ಓದಿ, ಉರ್ದುವಿನಲ್ಲಿ ಸಾರಾಂಶ ಬರೆದು, ತಹಸೀಲ್ದಾರ ಸಾಹೇಬರ ಮುಂದೆ ಇಡುವುದು ನನ್ನ ಕೆಲಸವಾಗಿತ್ತು. ಒಬ್ಬನ ಮಳೆನೀರಿನ ಹರನಾಳಿ ಇನ್ನೊಬ್ಬನ ಮಾಳಿಗೆಯ ಮೇಲೆ ಸುರಿಯುತ್ತದೆ, ಒಬ್ಬನ ಹೊಸ ಕಿಟಕಿ ಇನ್ನೊಬ್ಬನ ಬಚ್ಚಲಿನತ್ತ ತೆರೆಯುತ್ತದೆ, ಒಬ್ಬನ ಎಮ್ಮೆಯ ಗೂಟ ಇನ್ನೊಬ್ಬನ ಬಾಗಿಲಲ್ಲಿದೆ. ಇವುಗಳಲ್ಲಿ ಯಾವುದೂ ನನ್ನ ಮನೆಯದಲ್ಲ. ಆದರೂ ಎಲ್ಲವೂ ಬಂದು ಕೂಡುತ್ತಿದ್ದುದು ನನ್ನ ಹೊಟ್ಟೆಯಲ್ಲಿ. "ಊರ ಮಂದಿ ಹರನಾಳಿ ಎಲ್ಲಾ ನಿಮ್ಮ ಹೊಟ್ಟ್ಯಾಗೇ ಬಿಟ್ಟಾರ ನೋಡ್ರಿ" ಎನ್ನುತ್ತ ಹೆಂಡತಿ ಅಜವಾನದ ಕಷಾಯ ಕುದಿಸಿಕೊಡುತ್ತಿದ್ದಳು. ಕಟ್ಟೆಯ ಅರ್ಜಿ ಬಂದ ವರ್ಷ ಅಜವಾನ ಬಹಳ ಖರ್ಚಾಯಿತು.

ಊರಿನ ಹೆಸರು ಬರೆಯುವುದಿಲ್ಲ. ಅಫಜಲಪುರಕ್ಕೂ ಜೇವರಗಿಗೂ ನಡುವಿನ ಒಂದು ಕಸಬೆ ಎಂದರೆ ಸಾಕು; ಅಲ್ಲಿ ಇನ್ನೂ ನನಗೆ ಬೇಕಾದವರಿದ್ದಾರೆ. ನಿಜಾಮರ ಆಳ್ವಿಕೆ, ಹೊರಗೆಲ್ಲೋ ದೊಡ್ಡ ಯುದ್ಧ, ಒಳಗೆ ಸೀಮೆಎಣ್ಣೆಗೂ ನೂಲಿಗೂ ಪರದಾಟ. ಕಮಿಟಿಯಲ್ಲಿ ಊರ ದೊಡ್ಡವರು ನಾಲ್ಕು ಮಂದಿ, ಅವರ ಮೇಲೆ ಅಧ್ಯಕ್ಷರಾಗಿ ತಹಸೀಲ್ದಾರ ಸಾಹೇಬರು. ಸಾಹೇಬರು ತಿಂಗಳಿಗೊಮ್ಮೆ ನಮ್ಮೂರಿನಲ್ಲಿ ಮುಕ್ಕಾಂ ಮಾಡಿದಾಗ, ಮಧ್ಯಾಹ್ನ ಊಟವಾದ ಮೇಲೆ, ಅರ್ಜಿಗಳ ವಿಚಾರಣೆ. ಊಟವಾದ ಮೇಲೆ ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು. ನಮ್ಮ ಕಚೇರಿ ಆ ಊರನ್ನು ಕಂಡದ್ದೆಲ್ಲ ಬಿಸಿಲೇರಿದ ಮೇಲೆಯೇ.

ಆ ಸಲದ ಅರ್ಜಿ ಕಮಿಟಿಯ ಸದಸ್ಯರೊಬ್ಬರದೇ. ಅವರು ಶೇಂಗಾ, ಹತ್ತಿಯ ದಲಾಲಿ ಅಂಗಡಿಯ ಸಾಹುಕಾರರು. ಅವರ ಮನೆ ಇದ್ದದ್ದು ನೇಕಾರರ ಓಣಿಯ ನಟ್ಟನಡುವೆ. ಮನೆಯ ಮುಂದೆ ಓಣಿಯ ಜಾಗದಲ್ಲಿ ಒಂದು ಕಲ್ಲಿನ ಕಟ್ಟೆ, ಅದಕ್ಕೆ ಮೆಟ್ಟಿಲು, ಮೇಲೆ ಕಂಬ ನಿಲ್ಲಿಸಿ ನೆರಳು. ಇಷ್ಟಕ್ಕೆ ಪರವಾನಗಿ ಬೇಕಾಗಿತ್ತು. ಕಾರಣ ಎಂಬಲ್ಲಿ, 'ನಡೆಯಲಾರದ ವೃದ್ಧ ತಂದೆಯವರು ಕೂಡುವ ಸಲುವಾಗಿ' ಎಂದು ಬರೆಸಿದ್ದರು.

ರೀತಿಯ ಪ್ರಕಾರ, ಊರಿನ ಕಸ ಗಟಾರ ನೋಡಿಕೊಳ್ಳುವ ನಮ್ಮ ಸಫಾಯಿ ದಾರೋಗಾ ಸ್ಥಳ ನೋಡಿಬಂದ. ಅವನೂ ಊಟವಾದ ಮೇಲೆಯೇ ಹೋದದ್ದು. 'ಓಣಿ ಅಗಲವಾಗಿದೆ, ಖಾಲಿ ಇದೆ, ಕಟ್ಟೆ ಬಂದರೂ ಬಂಡಿ ಆರಾಮ ಹೋಗುತ್ತದೆ' ಎಂದು ವರದಿ ಕೊಟ್ಟ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಬಳಿಕ ನಾನು ತಕರಾರು ಇದ್ದವರು ಬರಬಹುದೆಂಬ ಜಾಹೀರನ್ನು ಉರ್ದುವಿನಲ್ಲಿ ಬರೆದು ಕಚೇರಿಯ ಬಾಗಿಲಿಗೆ ಅಂಟಿಸಿದೆ. ನೇಕಾರರ ಓಣಿಯಲ್ಲಿ ಉರ್ದು ಓದುವವರಿರಲಿಲ್ಲ. ಕಚೇರಿಯ ಬಾಗಿಲಿಗೆ ಬರುವವರಂತೂ ಇರಲೇ ಇಲ್ಲ. ಆದರೂ ರೀತಿ ರೀತಿಯೇ.

ಆದರೆ ಕಟ್ಟೆಯ ಸುದ್ದಿ ಹೇಗೋ ಓಣಿ ಮುಟ್ಟಿ, ಮುದ್ದತು ಮುಗಿಯುವ ಹೊತ್ತಿಗೆ ಒಬ್ಬ ಹೆಂಗಸು ಬಂದಳು. ಸಾಹುಕಾರರ ಪಕ್ಕದ ಮನೆಯ ನೇಕಾರಳು. ಗಂಡನ ಕಣ್ಣು ಹೋದ ಮೇಲೆ ಓಣಿಗೆಲ್ಲ ತಾನೇ ಯಜಮಾನಿಯಂತಿದ್ದವಳು. ಕೈಯಲ್ಲಿ ಕಚೇರಿಯೆದುರಿನ ಹುಣಸೆಮರದ ಕೆಳಗೆ ಕೂತು ಅರ್ಜಿ ಬರೆಯುವವನಿಂದ ಬರೆಸಿದ ತಕರಾರು. ಪದ್ಧತಿಯಂತೆ ನಾನು ಅದನ್ನು ಅವಳಿಗೆ ಕನ್ನಡದಲ್ಲಿ ಓದಿ ಹೇಳಿದೆ. ಕಟ್ಟೆ ಬಂದರೆ ಬಂಡಿಗಳು ಸಿಕ್ಕಿಬೀಳುತ್ತವೆ, ಶವಯಾತ್ರೆಗೆ ಅಡ್ಡಿಯಾಗುತ್ತದೆ, ಮಳೆನೀರು ನಿಂತು ರೋಗ ಹಬ್ಬುತ್ತದೆ, ಕುಲಸ್ತ್ರೀಯರ ಮಾನಕ್ಕೆ ಧಕ್ಕೆ.

ಅವಳು ಬಾಯಿ ಬಿಟ್ಟುಕೊಂಡು ಪೂರ್ತಿ ಕೇಳಿಸಿಕೊಂಡಳು. "ನಮ್ಮ ಓಣ್ಯಾಗ ಇಷ್ಟೆಲ್ಲಾ ತ್ರಾಸ ಅದ ಅಂತ ನಮಗ ಈಗೇ ಗೊತ್ತಾತ್ ನೋಡ್ರಿ ಕಾರಕೂನ್ರ!"

"ಹಂಗಾದ್ರ ನಿಮ್ಮ ಖರೇ ತ್ರಾಸ ಯಾವ್ದು, ಅಕ್ಕಾರ?"

"ಕಟ್ಟಿ ಬರಬಾರ್ದು. ಅಷ್ಟ."

"ಯಾಕ ಬರಬಾರ್ದು?"

ನಾನು ಹುಡುಗಾಟ ಮಾಡುತ್ತಿದ್ದೇನೆಂದು ಅವಳಿಗೆ ಅನಿಸಿರಬೇಕು. "ನೀವೂ ಅರ್ಜಿ ಬರ್ಯಾಂವನಂಗ ಕೇಳ್ತೀರಲ್ರಿ. ಯಾಕಂತ ಊರಿಗೇ ಗೊತ್ತದ" ಎಂದು ಸೆರಗು ಸರಿಮಾಡಿಕೊಂಡು ಹೋಗಿಬಿಟ್ಟಳು.

ಊರಿಗೆ ಗೊತ್ತಿತ್ತು, ನಿಜ. ಕಚೇರಿಗೆ ಗೊತ್ತಿರಲಿಲ್ಲ. ನಾನು ಆಳಂದ ಕಡೆಯ ಕಿಣ್ಣಿ ಸುಲ್ತಾನದವನು. ಒಕ್ಕಲುತನದ ಮನೆ, ಜೋಳ ತೊಗರಿ ಬಿಟ್ಟರೆ ಬೇರೆ ಕಸುಬು ಕಂಡವನಲ್ಲ. ಬಾಡಿಗೆ ಮನೆ ಇದ್ದದ್ದು ಊರ ಇನ್ನೊಂದು ತುದಿಗೆ. ಸಾಹೇಬರು ಹೊರಗಿನವರು. ದಾರೋಗಾ ನಿದ್ದೆಯ ಆಸಾಮಿ. ಗೊತ್ತಿದ್ದವರು ಕಮಿಟಿಯ ಸದಸ್ಯರು; ಅವರಲ್ಲಿ ಸಾಹುಕಾರರು ಅರ್ಜಿದಾರರು, ಉಳಿದ ಮೂವರು ಅವರ ಮಾತು ಮೀರದವರು.

ವಿಚಾರಣೆಯ ದಿನ ಅರ್ಜಿದಾರರು ಸದಸ್ಯರ ಸಾಲಿನಲ್ಲೇ ಕುರ್ಚಿಯ ಮೇಲೆ ಕೂತಿದ್ದರು. ತಕರಾರಿನವಳು ಬಾಗಿಲ ಬಳಿ ನಿಂತಿದ್ದಳು. ಈ ಅಂತರದ ಬಗ್ಗೆ ಯಾರಾದರೂ ಆಕ್ಷೇಪ ಎತ್ತಿದರೆ ಉತ್ತರ ನಾನೇ ಕೊಡಬೇಕಾಗುತ್ತದೆಂದು ಬೆಳಗ್ಗೆಯೇ ಒಂದು ಉತ್ತರ ಬರೆದು ಕಿಸೆಯಲ್ಲಿಟ್ಟುಕೊಂಡಿದ್ದೆ. ಯಾರೂ ಎತ್ತಲಿಲ್ಲ. ಅದೂ ಒಂದು ಚಿಂತೆಯಾಯಿತು.

ಅವಳ ತಕರಾರಿನಲ್ಲಿದ್ದ ಒಂದೊಂದೇ ಮಾತು ಬಿದ್ದುಹೋಯಿತು. ಬಂಡಿ ಹೋಗುತ್ತದೆಂದು ದಾರೋಗಾನ ಅಳತೆ ಹೇಳಿತು. ನೀರಿನ ಇಳಿಜಾರು ಆಚೆ ಬದಿಗಿತ್ತು. ಶವಯಾತ್ರೆಯ ಮಾತು ಬಂದಾಗ ಸಾಹುಕಾರರು ನಕ್ಕು, "ನಾಕು ಮಂದಿ ಹೆಗಲ ಕೊಟ್ರೂ ಸಲೀಸ ಹೋಗ್ತದ. ಬೇಕಾದ್ರ ಮೊದಲ ನನ್ನೇ ಹೊತ್ತು ನೋಡ್ರಿ" ಎಂದರು. ಎಲ್ಲರೂ ನಕ್ಕರು. ಸಾಹೇಬರು ಸಹಿಗೆಂದು ಕಲಂ ಎತ್ತಿಕೊಂಡರು.

ಆಗ ಬಾಗಿಲಿಂದ ಅವಳ ದನಿ ಬಂತು. "ಅಲ್ರೀ, ಕಟ್ಟಿ ಬಂದ್ರ ಹಾಸು ಎಲ್ಲಿ ಹಾಸಬೇಕ್ರಿ?"

ಹಾಸು ಎಂದರೇನೆಂದು ಸಾಹೇಬರು ನನ್ನತ್ತ ನೋಡಿದರು. ನನಗೂ ಅರ್ಧಂಬರ್ಧವೇ. ಅವಳನ್ನು ಕೇಳಿ ಕೇಳಿ ಉರ್ದುವಿನಲ್ಲಿ ಹೇಳಿದೆ: ಮಗ್ಗಕ್ಕೆ ಏರಿಸುವ ಮೊದಲು ಸೀರೆಯ ಉದ್ದದ ಎಳೆಗಳನ್ನೆಲ್ಲ ಓಣಿಯುದ್ದಕ್ಕೂ ಬಿಗಿದು ಕಟ್ಟಿ, ಗಂಜಿ ಹಚ್ಚಿ, ಕುಂಚದಿಂದ ತಿಕ್ಕಿ ಒಣಗಿಸುತ್ತಾರೆ. ಓಣಿಯ ಈ ತುದಿಯಿಂದ ಆ ತುದಿಗೆ ನೆಟ್ಟಗೆ ಜಾಗ ಬೇಕು.

ಸಾಹೇಬರು ಕಲಂ ಕೆಳಗಿಟ್ಟರು. ನನಗೆ ಒಂದು ಗಳಿಗೆ ಸಂತೋಷವೇ ಆಯಿತು. ಅನುಭವಸ್ಥನಾದವನು ಹಾಗೆ ಸಂತೋಷಪಡಬಾರದು.

"ಸರಕಾರಿ ರಸ್ತೆಯಲ್ಲಿ?" ಎಂದರು ಸಾಹೇಬರು. "ದಿನಾಲೂ? ಯಾರ ಪರವಾನಗಿಯಿಂದ?"

ಅವಳಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಸಾಹುಕಾರರಿಗೆ ಅರ್ಥವಾಯಿತು, ಅವರು ತಲೆ ತಗ್ಗಿಸಿ, "ಹಿಂದಿನಿಂದ ನಡದು ಬಂದದ್ರಿ ಸಾಹೇಬ್ರ" ಎಂದರು. ಅಷ್ಟು ಹೇಳಿದರೆಂದು ಇಲ್ಲಿ ಬರೆಯುವುದು ನ್ಯಾಯ. ಆದರೆ ಸಾಹೇಬರು ಕಾನೂನಿನ ಮನುಷ್ಯರು. ಒಬ್ಬ ಮನುಷ್ಯ ಮುದ್ದಾಂ ಅರ್ಜಿ ಹಾಕಿ ರಸ್ತೆಯ ಒಂದು ಮೂಲೆ ಕೇಳುತ್ತಿದ್ದಾನೆ. ಇವರು ಕೇಳದೆಯೇ ಇಡೀ ರಸ್ತೆ ಹಿಡಿದಿದ್ದಾರೆ! ಹುಕುಂ ಆಯಿತು: ಓಣಿ ತೆರವು ಮಾಡುವಂತೆ ನೇಕಾರರಿಗೆಲ್ಲ ನೋಟೀಸು ಕೊಡಬೇಕು, ತೆರವಾದ ಮೇಲೆ ಕಟ್ಟೆಯ ಪರವಾನಗಿ ಮುಂದಿನ ಮುಕ್ಕಾಮಿನಲ್ಲಿ. ನೋಟೀಸು ಬರೆಯಬೇಕಾದವನು ನಾನು.

ಹೊರಗೆ ಅವಳು ಕಾದಿದ್ದಳು. ಹುಕುಂ ತಿಳಿಸಿದೆ.

"ಕೊಳ್ಳಾಗಿನ ಹಾವು ಬಿಡಸ್ರಿ ಅಂತ ಬಂದ್ರ, ಇನ್ನೊಂದು ಹಾಕಿ ಕಳಸ್ತೀರೇನ್ರಿ?"

"ಹಾಸಿನ ಮಾತು ನೀವು ಮೊದಲ ಹೇಳಬೇಕಿತ್ತು."

"ಹೇಳಿದ್ದಕ್ಕ ಇದಾತು. ಹೇಳಲಿಲ್ಲಂದ್ರ ಬರೇ ಕಟ್ಟಿ ಬರ್ತಿತ್ತು."

ಊರ ಹೊರಗೆ ಬಯಲಿದೆಯಲ್ಲ, ಅಲ್ಲಿ ಹಾಸಬಾರದೇ ಎಂದು ಕೇಳಿದೆ. ಅವಳು ಸಿಟ್ಟಾಗಲಿಲ್ಲ, ಅದೇ ನನಗೆ ಹೆಚ್ಚು ಕಳವಳ ಕೊಟ್ಟಿತು. ಹೊಲದ ಗಾಳಿಗೆ ಹಸಿ ಎಳೆ ಒಂದಕ್ಕೊಂದು ಅಂಟಿ ಹಗ್ಗವಾಗುತ್ತದೆ ಎಂದಳು. ಧೂಳು ಗಂಜಿಗೆ ಹತ್ತಿದರೆ ಅದು ಸೀರೆಯಲ್ಲ, ಗೋಣಿ. ಮೊದಲಾದರೆ ಒಂದು ಹಾಸು ಕೆಟ್ಟರೆ ಇನ್ನೊಂದಕ್ಕೆ ನೂಲು ತರಬಹುದಿತ್ತು. ಈಗ ನೂಲು ಸರಕಾರ ಅಳೆದು ಕೊಟ್ಟಷ್ಟು.

"ಓಣಿ ಹೋದ್ರ ಮಗ್ಗ ಮಾರಿ ಸೊಲ್ಲಾಪುರದ ಗಿರಣಿಗೆ ಹೋಗೂದ್ರಿ. ನಮ್ಮ ಮೈದುನ ಹೋಗ್ಯಾನ. ಕೆಮ್ಮು ಕಲ್ತಾನ." ಅವಳು ನನ್ನ ಮುಖ ನೋಡಿದಳು. "ಕಟ್ಟಿ ಸರಸಬಹುದ್ರಿ ಕಾರಕೂನ್ರ. ಹಾಸು ಬಾಗಂಗಿಲ್ಲ."

ನೋಟೀಸಿನ ನಮೂನೆ ಸುಲಭದ್ದು. ಯಾರು, ಎಲ್ಲಿಂದ ಎಲ್ಲಿಗೆ, ಎಷ್ಟು ಗಜ, ಯಾವ ಹೊತ್ತಿನಲ್ಲಿ ರಸ್ತೆ ಹಿಡಿದಿದ್ದಾರೆ ಎಂದು ತುಂಬಿ, ಠಸ್ಸೆ ಒತ್ತಿದರಾಯಿತು. ಬರೆಯಲು ಕೂತರೆ ನಮೂನೆಯ ಒಂದು ಖಾನೆಯೂ ತುಂಬಲಾಗಲಿಲ್ಲ. ದಾರೋಗಾನ ವರದಿಯಲ್ಲಿ ಓಣಿ 'ಖಾಲಿ' ಎಂದಿತ್ತು. ಖಾಲಿ ಇರುವ ಓಣಿಯನ್ನು ತೆರವು ಮಾಡಿಸುವ ನೋಟೀಸು! ಸಾಹೇಬರ ಮೇಲಧಿಕಾರಿಗಳು ಎಂದಾದರೂ ಈ ಕಾಗದ ತೆರೆದರೆ ನೌಕರಿ ಹೋಗುವುದು ದಾರೋಗಾನದಲ್ಲ, ಬರೆದವನದು. ದಯೆಗಿಂತ ಹೆಚ್ಚಾಗಿ ಈ ಅಂಜಿಕೆಯೇ ನನ್ನನ್ನು ಮರುದಿನ ನಸುಕಿನಲ್ಲಿ ಎಬ್ಬಿಸಿ ಅಳತೆಯ ಟೇಪಿನ ಸಮೇತ ಆ ಓಣಿಗೆ ಕಳಿಸಿತು.

ಓಣಿ ನನಗೆ ಗುರುತೇ ಸಿಗಲಿಲ್ಲ. ಈ ತುದಿಯ ಗೂಟದಿಂದ ಆ ತುದಿಯ ಗೂಟದವರೆಗೆ, ಎದೆಮಟ್ಟಕ್ಕೆ, ಎಳೆಗಳ ಒಂದು ಹಾದಿ. ಅಲ್ಲಲ್ಲಿ ಕತ್ತರಿಯಂತೆ ಕಟ್ಟಿದ ಬಿದಿರುಕೋಲುಗಳು ಅದನ್ನು ಹೊತ್ತಿದ್ದವು. ಆಚೆಯೊಬ್ಬಳು, ಈಚೆಯೊಬ್ಬಳು ಕುಂಚದ ಎರಡು ತುದಿ ಹಿಡಿದು, ಒಂದೇ ನಡಿಗೆಯಲ್ಲಿ, ಗಂಜಿಯನ್ನು ತಿಕ್ಕುತ್ತ ಹೋಗುತ್ತಿದ್ದರು. ಒಬ್ಬಳು ಎಡವಿದರೆ ಇನ್ನೊಬ್ಬಳೂ ನಿಲ್ಲಬೇಕು. ಹಿಂದೆ ಒಬ್ಬ ಮುದುಕ ಹರಿದ ಎಳೆಗಳನ್ನು ಹುಡುಕಿ ಗಂಟಿಕ್ಕುತ್ತಿದ್ದ. ಹುಳಿಯಾದ ಜೋಳದ ಗಂಜಿಯ ವಾಸನೆ. ಬಿಸಿಲು ಇನ್ನೂ ಮಾಳಿಗೆಯ ಮೇಲೇ ಇತ್ತು. ಅದು ಓಣಿಗೆ ಇಳಿಯುವುದರೊಳಗೆ ತಿಕ್ಕುವುದು ಮುಗಿಯಬೇಕು. ನೀರಿಗೆ ಹೋಗುವ ಹೆಂಗಸರು, ದನ ಹೊಡೆದುಕೊಂಡು ಹೋಗುವವರು, ಎಲ್ಲರೂ ಗೋಡೆಗೆ ಒತ್ತಿ ಸಾಲಾಗಿ ನಡೆಯುತ್ತಿದ್ದರು. ಯಾರೂ ಹೇಳಿದ್ದಿಲ್ಲ, ಯಾರೂ ಬೈದದ್ದಿಲ್ಲ.

ಇನ್ನೊಂದು ವ್ಯವಸ್ಥೆಯೂ ಕಂಡಿತು. ಹಾಸು ಯಾರ ಬಾಗಿಲ ಮುಂದೆ ಹಾದುಹೋಗುತ್ತದೋ, ಅಷ್ಟರ ಕಾವಲು ಆ ಮನೆಯವರದು. ಕೋಳಿ, ಆಡು, ಕರು ಅದರತ್ತ ಬಾರದಂತೆ ಪ್ರತಿ ಬಾಗಿಲಲ್ಲಿ ಒಬ್ಬರು. ನೇಕಾರರಲ್ಲದ ಮನೆಗಳಿಗೂ ಇದೇ ವಾಡಿಕೆ.

ನಾನು ಟೇಪು ಬಿಚ್ಚಿದೆನೋ ಇಲ್ಲವೋ, "ಏ ಯಾವನಲೇ ಅಂವ! ಗ್ವಾಡಿ ಹಿಡದ ನಡಿ, ಹಾಸು ಅದ!" ಎಂದು ಒಂದು ಗದರಿಕೆ ಬಂತು. ಸಾಹುಕಾರರ ಬಾಗಿಲ ಮುಂದೆ, ನೆಲದ ಮೇಲೆ ಕಂಬಳಿ ಹಾಸಿಕೊಂಡು, ಉದ್ದನೆಯ ಬಡಿಗೆ ಹಿಡಿದ ಮುಪ್ಪಿನವನೊಬ್ಬ. ಕಾಲುಗಳು ಕಟ್ಟಿಗೆಯ ಹಾಗೆ ಮುಂದೆ ಚಾಚಿದ್ದವು. ಅವನೇ ತಂದೆ, ಯಾರ ಸಲುವಾಗಿ ಕಟ್ಟೆ ಏಳಬೇಕಿತ್ತೋ ಆ ತಂದೆ.

ನಾನು ಯಾರೆಂದು ಹೇಳಿಕೊಂಡು ಪಕ್ಕದಲ್ಲಿ ಕೂತೆ. ಕಾಲು ಬಿದ್ದಾಗಿನಿಂದ ದಿನಾಲೂ ಇಲ್ಲೇನಾ ಎಂದು ಕೇಳಿದೆ.

"ಮತ್ತೆಲ್ಲಿಗೆ ಹೋಗ್ಲಿ? ಅಂಗಡಿಗೆ ಮಗ ಅದಾನ, ಹೊಲಕ್ಕ ಆಳ ಅದಾವ. ಇದೊಂದು ನನಗ ಬಿಟ್ಟಾರ." ಬಡಿಗೆ ಎತ್ತಿ ಒಂದು ಹುಂಜವನ್ನು ಬೆದರಿಸಿದ. "ಈ ಹುಂಜ ನೋಡು, ಭಾಳ ಹರಾಮಿ. ನನ್ನ ಕಣ್ಣು ತಪ್ಪಸಾಕ ನೋಡ್ತದ. ಮುಂಜಾನಿ ಇದಕ್ಕೂ ನನಗೂ ಕುಸ್ತಿ."

"ಇಲ್ಲಿ ನಿಮಗ ಕಟ್ಟಿ ಕಟ್ಟಸ್ತಾರಂತಲ್ರಿ, ಮುತ್ಯಾ."

"ಹೌದಂತ. ಮಗ ಅಂತಿದ್ದ." ಆಮೇಲೆ ಕೋಲಿನ ತುದಿಯನ್ನು ಬಾಗಿಲಿನಿಂದ ಮುಂದಕ್ಕೆ, ಕಟ್ಟೆಯ ಅಂಚು ಬರಬಹುದಾದಲ್ಲಿಗೆ ಚಾಚಿ ಹಿಡಿದ. ಕೋಲು ಎಳೆಗಳ ಕೆಳಗೆ ಹೋಗಿ ನಿಂತಿತು. "ಕಟ್ಟಿ ಇಲ್ಲೀಮಟ ಬಂದ್ರ, ಹಾಸು ಎಲ್ಲಿ ಹೋಗ್ತದ?"

ನಾನು ಹಲ್ಲು ಬಿಟ್ಟು, ಕಮಿಟಿ ನೋಡುತ್ತದೆ ಎಂದೆ. ಸರಕಾರಿ ನೌಕರನು ಹೇಳಲಾಗದ್ದನ್ನು ಹೇಳುವ ರೀತಿ ಅದು. ಅವನು ಕೋಲು ಹಿಂದಕ್ಕೆಳೆದುಕೊಂಡು ಹುಂಜದತ್ತ ತಿರುಗಿದ.

ಆ ದಿನ ಕಚೇರಿಯಲ್ಲಿ ನಾನು ಮಾಡಿದ ಕೆಲಸ ಒಂದೇ, ಒಂದು ಸಾಲು ಬರೆಯುವುದೋ ಬೇಡವೋ ಎಂದು ಕೂತದ್ದು. ಮುದುಕನ ಮಾತನ್ನು ಕಾಗದದ ಮೇಲೆ ತರಲು ದಾರಿಯಿರಲಿಲ್ಲ. ಅವನು ಅರ್ಜಿದಾರನಲ್ಲ, ತಕರಾರುದಾರನಲ್ಲ. ಯಾರಿಗಾಗಿ ಕಟ್ಟುತ್ತಾರೋ ಅವರನ್ನು ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಸಾಹುಕಾರರಿಗೆ ಖಾಸಗಿಯಾಗಿ ಹೇಳಬಹುದಿತ್ತು. ಆದರೆ ಕಮಿಟಿಯ ಸದಸ್ಯನಿಗೆ ಕಾರಕೂನನು ಬುದ್ಧಿ ಹೇಳುವುದೆಂದರೆ ಮರುತಿಂಗಳೇ ಬೇರೆ ಊರಿಗೆ ಗಂಟು ಕಟ್ಟುವುದು. ಕೊನೆಗೆ ನಾನು ಬಲ್ಲ ಒಂದೇ ವಿದ್ಯೆಗೆ, ರೀತಿ ರಿವಾಜಿಗೆ, ಶರಣಾದೆ. 'ಖಾಲಿ ಎಂಬ ವರದಿಗೂ ತೆರವಿನ ಹುಕುಮಿಗೂ ಮೇಳವಿಲ್ಲ. ರಸ್ತೆ ಹಿಡಿದಿರುವ ಹೊತ್ತಿನಲ್ಲೇ, ಅಂದರೆ ಸೂರ್ಯ ಏರುವ ಮೊದಲು, ಅಧ್ಯಕ್ಷರ ಸಮಕ್ಷಮ ಪಂಚನಾಮೆ ಆಗದೆ ನೋಟೀಸು ಊರ್ಜಿತವಾಗದು.' ಬರೆದೆ. ಮೂರು ಸಲ ಹರಿದೆ. ತಹಸೀಲ್ದಾರರಿಗೆ ಬೇಗ ಏಳಿರಿ ಎಂದು ಬರೆದ ಕಾರಕೂನ ಆ ಜಿಲ್ಲೆಯಲ್ಲಿ ಅದಕ್ಕೆ ಮೊದಲು ಇರಲಿಕ್ಕಿಲ್ಲ.

"ನೌಕರಿ ಹೋದ್ರ ಕಿಣ್ಣಿಗೆ ಹೋಗಿ ತೊಗರಿ ಕೊಯ್ಯೂಣು. ಹೊಟ್ಟಿನೂ ಸುಮ್ಮ ಆಗ್ತದ" ಎಂದಳು ಹೆಂಡತಿ. ನಾಲ್ಕನೆಯ ಪ್ರತಿಯನ್ನು ಕಳಿಸಿದೆ.

ಮುಂದಿನ ಮುಕ್ಕಾಮಿನಲ್ಲಿ ಸಾಹೇಬರು ನಸುಕಿನಲ್ಲೇ ಬಂದರು. ಮುಖ ಗಂಟಿಕ್ಕಿಕೊಂಡು, ಶಾಲು ಹೊದ್ದು, ಟಾಂಗಾದಲ್ಲಿ. ಓಣಿಯ ಬಾಯಲ್ಲಿ ಟಾಂಗಾ ನಿಂತಿತು. ಮುಂದೆ ಹಾಸು. ಟಾಂಗಾದವನೇ ಕೆಳಗಿಳಿದು, "ಇಲ್ಲಿಂದ ನಡಕೊಂತ ಹೋಗ್ರಿ ಸರಕಾರ್" ಎಂದ. ಅವನಿಗೂ ಗೊತ್ತಿತ್ತು! ಸಾಹೇಬರು ಇಳಿದರು, ಎಲ್ಲರಂತೆ ಗೋಡೆಗೆ ಒತ್ತಿ ನಡೆದರು. ಹಿಂದೆ ನಾನು, ದಾರೋಗಾ. ಕುಂಚ ಹಿಡಿದ ನೇಕಾರಳು ನಮ್ಮನ್ನು ನೋಡಿದಳು, ನಿಲ್ಲಲಿಲ್ಲ. ನಿಂತರೆ ಗಂಜಿ ಒಣಗುತ್ತದೆ. ನೋಟೀಸಿಗಾಗಿ ಓಣಿ ಅಳೆಯಲು ಬಂದವರ ಎದುರಿಗೇ ಆ ಇಬ್ಬರೂ ಒಂದೇ ಹೆಜ್ಜೆಯಲ್ಲಿ ಹಾದುಹೋದರು.

ಸಾಹುಕಾರರು ಓಡಿಬಂದು ಕೈಮುಗಿದರು. ಸಾಹೇಬರು ತಮ್ಮ ಮುರುಕು ಕನ್ನಡದಲ್ಲಿ ಕಟ್ಟೆಯ ಜಾಗ ತೋರಿಸಲು ಹೇಳಿದರು. ಸಾಹುಕಾರರು ತೋರಿಸಿದರು. ನಾನು ಸುಣ್ಣದಿಂದ ಗೆರೆ ಎಳೆದೆ. ಗೆರೆ ಹಾಸಿನ ಅಡಿಯಲ್ಲಿ ಹಾದು ಆಚೆ ಹೋಯಿತು.

ಮುದುಕ ಗೆರೆಯನ್ನೂ ಮಗನನ್ನೂ ನೋಡಿದ. "ಇದೇನಲೇ?"

"ನಿಮಗ ಕುಂದ್ರಾಕ, ಅಪ್ಪಾ. ಕಟ್ಟಿ."

"ನಾ ಯಾವಾಗ ಕೇಳೇನಿ?"

"ನೆಲದ ಮ್ಯಾಲ ಕುಂದ್ರತೀರಿ. ಸಾಹುಕಾರನ ಅಪ್ಪ ಧೂಳಾಗ ಕುಂತಾನ, ನೋಡ್ರಿ ಅಂತಾರ ಮಂದಿ." ಸಾಹುಕಾರರ ದನಿ ತಗ್ಗಿತು. "ನನಗೂ ಮಂದಿ ಮುಂದ ಒಂದು ಮಾರಿ ಅದ ಅಲ್ಲ."

"ಕಟ್ಟಿ ಮ್ಯಾಲ ಕುಂತು ಏನು ನೋಡ್ಲಿ? ಖಾಲಿ ಓಣಿ ನೋಡ್ಲಿ?" ಎಂದ ಮುದುಕ. "ಹಂಗಿದ್ರ ಒಳಗೇ ಮಲಗಿಸು. ಮ್ಯಾಲಿನ ಜಂತಿ ನೋಡ್ಕೊಂತ ಬೀಳ್ತೇನಿ."

ಈ ಗದ್ದಲದಲ್ಲಿ ಹುಂಜ ಗೆದ್ದಿತು. ಹಾಸಿನ ಕೆಳಗೆ ನುಗ್ಗಿತು. ಮುದುಕ ಬಡಿಗೆ ಎತ್ತುವಷ್ಟರಲ್ಲಿ ಸಾಹುಕಾರರೇ ಧೋತರ ಎತ್ತಿಕೊಂಡು, "ಹುಶ್, ಹುಶ್" ಎನ್ನುತ್ತ ಬಗ್ಗಿ ಓಡಿದರು. ಒಂದು ಎಳೆಗೂ ತಾಗದ ಹಾಗೆ ಬಗ್ಗುವುದು ಚಿಕ್ಕಂದಿನಿಂದ ಕಲಿತ ಬಗ್ಗುವಿಕೆ. ಸಾಹೇಬರು ಅದನ್ನು ನೋಡಿದರು. ನಾನೂ ನೋಡಿದೆ.

ಅಂದೇ ಸಾಹುಕಾರರು ಅರ್ಜಿ ಹಿಂತೆಗೆದುಕೊಂಡರು. ಅಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ಒಮ್ಮೆ ಆದ ಹುಕುಂ ತಾನಾಗಿ ಸಾಯುವುದಿಲ್ಲ. ತೆರವಿನ ನೋಟೀಸು ಏನು ಮಾಡಲಿ ಎಂದು ಕೇಳಿದೆ. ಸಾಹೇಬರು, "ನೇಕಾರರು ಪರವಾನಗಿಗೆ ಅರ್ಜಿ ಹಾಕಲಿ, ನೋಡೋಣ. ಅಲ್ಲಿಯವರೆಗೆ ತಡೆ" ಎಂದರು. ಕೆಟ್ಟ ಮನುಷ್ಯರಲ್ಲ. ಕಂಡದ್ದನ್ನು ಕಂಡರು, ಆದರೆ ಕಂಡದ್ದಕ್ಕೂ ಕಾಗದ ಬೇಕಿತ್ತು.

ನೇಕಾರಳಿಗೆ ಹೇಳಲು ಹೋದೆ. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದಳು.

"ನಮ್ಮ ಮುತ್ಯಾನ ಕಾಲದಿಂದ ಮಾಡೂದಕ್ಕ ಈಗ ಕೇಳಬೇಕೇನ್ರಿ? ಕೇಳಿದ್ರ ಇಲ್ಲ ಅನಬಹುದಲ್ರಿ ಅವ್ರು?"

"ಅನಬಹುದು."

"ಕೇಳದಿದ್ರ?"

"ನೋಟೀಸ ನನ್ನ ಹತ್ರ ಇರ್ತದ."

"ಇರ್ಲಿ ಹಂಗಾದ್ರ, ನಿಮ್ಮ ಹತ್ರಾನೇ" ಎಂದು ಲಾಳಿ ಎಸೆದಳು.

ಹಾಗೆ ಅದು ನನ್ನ ಹತ್ತಿರ ಉಳಿಯಿತು. ಪ್ರತಿ ಮುಕ್ಕಾಮಿಗೂ ಅದರ ಮೇಲೆ 'ಮುಂದಿನ ವಿಚಾರಣೆಗೆ' ಎಂದು ಬರೆಯುತ್ತಿದ್ದೆ. ಆ ಸಾಹೇಬರು ಹೋಗಿ ಬೇರೆಯವರು ಬಂದಾಗಲೆಲ್ಲ, ಇವರು ಇದನ್ನು ತೆರೆದರೆ ಏನು ಗತಿ ಎಂದು ಕಷಾಯ ಕುಡಿದೆ. ಯಾರೂ ತೆರೆಯಲಿಲ್ಲ. ಆಮೇಲೆ ನನಗೆ ಆಳಂದಕ್ಕೆ ಬದಲಿಯಾಯಿತು.

ನನ್ನ ಜಾಗಕ್ಕೆ ಜೇವರಗಿಯಿಂದ ಬಂದವನು ಚುರುಕಿನ ಮನುಷ್ಯ, ಎಲ್ಲ ಕಾಗದ ಎಣಿಸಿ ತೆಗೆದುಕೊಳ್ಳುವವನು. ಇದೊಂದನ್ನು ಕೈಗೆ ಕೊಡುವ ಮೊದಲು ನಸುಕಿನಲ್ಲಿ ಓಣಿಗೆ ಕರೆದುಕೊಂಡು ಹೋದೆ. ಸಾಹುಕಾರರ ತಂದೆ ಹಿಂದಿನ ಮಳೆಗಾಲದಲ್ಲಿ ತೀರಿಕೊಂಡಿದ್ದ. ಬಾಗಿಲ ಮುಂದೆ ಕಟ್ಟೆಯಿರಲಿಲ್ಲ. ಕಂಬಳಿ ಇತ್ತು, ಅದರ ಮೇಲೆ ಧೋತರ ಮಡಚಿ, ಬಡಿಗೆ ಹಿಡಿದು, ಅಂಗಡಿ ತೆರೆಯುವ ಹೊತ್ತಿನವರೆಗೆ ಸಾಹುಕಾರರು ಕೂತಿದ್ದರು. ನನ್ನನ್ನು ಕಂಡೂ ಕಾಣದವರಂತೆ ಕೋಳಿಗಳತ್ತ ತಿರುಗಿದರು.

ಹೊಸ ಕಾರಕೂನ ಓಣಿಯುದ್ದಕ್ಕೂ ಕಣ್ಣು ಹಾಯಿಸಿದ. "ಇಡೀ ರಸ್ತಾನೇ ಹಿಡದಾರಲ್ರಿ! ಇದಕ್ಕ ಪರವಾನಗಿ ಅದೇನ್ರಿ?" ಎಂದು ಕೇಳುತ್ತ ಮುಂದೆ ಹೆಜ್ಜೆಯಿಟ್ಟ.

ನಾನು ನೋಟೀಸಿನ ಕಾಗದವನ್ನು ಬಗಲಿಗೆ ಒತ್ತಿಕೊಂಡೆ. ಉತ್ತರ ಕೊಟ್ಟವರು ಸಾಹುಕಾರರು, ಬಡಿಗೆಯನ್ನು ಅವನ ಕಾಲಿಗೆ ಅಡ್ಡ ಚಾಚಿ:

"ಗ್ವಾಡಿ ಹಿಡದ ನಡೀರಿ, ಹಾಸು ಅದ."

ಅವನು ಸುಮ್ಮನೆ ಗೋಡೆಗೆ ಸರಿದ.